ಸರ್ಟಿಫಿಕೇಟ್ ಮುಗಿಯುವ ಅಲರ್ಟ್: ಯಾರ ಸರ್ಟಿಫಿಕೇಟ್, ಯಾವ ಪರಿಹಾರ?

ಮಾನಿಟರಿಂಗ್ ನೋಡಿಕೊಳ್ಳುವವರಿಗೆ ಈ ಅಲರ್ಟ್ ಹೊಸದಲ್ಲ. "ಹೊರಗಿನ ಇಂಟಿಗ್ರೇಷನ್‌ನ ಸರ್ಟಿಫಿಕೇಟ್ 21 ದಿನದಲ್ಲಿ ಮುಗಿಯುತ್ತದೆ." ಹಳದಿ ಬಣ್ಣ, ವಾರ್ನಿಂಗ್ ಮಟ್ಟ. ಸರ್ಟಿಫಿಕೇಟ್ ಅಂದರೆ ಒಂದು ಸರ್ವರ್ ಅಥವಾ ಸಾಫ್ಟ್‌ವೇರ್ ತನ್ನ ಗುರುತು ತೋರಿಸುವ ಡಿಜಿಟಲ್ ಪತ್ರ, ಇಂಟಿಗ್ರೇಷನ್ ಅಂದರೆ ನಮ್ಮ ಮಾನಿಟರಿಂಗ್ ಇನ್ನೊಂದು ಸಿಸ್ಟಮ್ ಜೊತೆ ಮಾತಾಡುವ ಜೋಡಣೆ. ಇನ್ನೂ ಮೂರು ವಾರ ಇದೆಯಲ್ಲ ಅಂತ ಅಕ್ನಾಲೆಜ್ ಒತ್ತಿ ಮುಂದಿನ ಕೆಲಸಕ್ಕೆ ಹೋಗುತ್ತೇವೆ.

ವೆಬ್‌ಸೈಟ್‌ನ ಸರ್ಟಿಫಿಕೇಟ್ ಮುಗಿದರೆ ಐದು ನಿಮಿಷದಲ್ಲಿ ಯಾರಾದರೂ ಫೋನ್ ಮಾಡುತ್ತಾರೆ. ಮಾನಿಟರಿಂಗ್‌ನಿಂದ ಟಿಕೆಟ್ ಸಿಸ್ಟಮ್‌ಗೆ ಹೋಗುವ ದಾರಿಯದ್ದು ಮುಗಿದರೆ ಯಾರೂ ಫೋನ್ ಮಾಡುವುದಿಲ್ಲ. ಟಿಕೆಟ್ ಬರುವುದು ನಿಂತುಹೋಗುತ್ತದೆ. ಟಿಕೆಟ್ ಬರಲಿಲ್ಲ ಅಂದರೆ ಎಲ್ಲ ಚೆನ್ನಾಗಿದೆ ಅಂತಲೇ ನಾವು ತಿಳಿದುಕೊಳ್ಳುತ್ತೇವೆ, ಅಲ್ವಾ? 2017ರಲ್ಲಿ ಅಮೆರಿಕದ ಸಾಲ ಮಾಹಿತಿ ಸಂಸ್ಥೆ ಇಕ್ವಿಫ್ಯಾಕ್ಸ್‌ನಲ್ಲಿ ಆದದ್ದು ಇದೇ ಜಾತಿಯ ಕುರುಡು. ನೆಟ್‌ವರ್ಕ್ ಟ್ರಾಫಿಕ್ ತಪಾಸಣೆ ಮಾಡುವ ಸಾಧನದ ಸರ್ಟಿಫಿಕೇಟ್ ಮುಗಿದಿತ್ತು. ಸಾಧನ ಓಡುತ್ತಲೇ ಇತ್ತು, ಆದರೆ ಎನ್‌ಕ್ರಿಪ್ಟ್ ಆದ ಟ್ರಾಫಿಕ್‌ನ ಒಳಗೆ ಏನಿದೆ ಅಂತ ಅದಕ್ಕೆ ಕಾಣುತ್ತಿರಲಿಲ್ಲ. ಕಳ್ಳರು 76 ದಿನ ಒಳಗಿದ್ದರು. ಹೊಸ ಸರ್ಟಿಫಿಕೇಟ್ ಹಾಕಿದ ಮೇಲೆ ಅನುಮಾನದ ಟ್ರಾಫಿಕ್ ಕಣ್ಣಿಗೆ ಬಿತ್ತು.

ಹಾಗಾಗಿ ಈ ಅಲರ್ಟ್ ಬಂದಾಗ ಏನೇನು ದಾರಿಗಳಿವೆ, ಯಾವುದು ಯಾವಾಗ ಸರಿ ಅಂತ ಇಲ್ಲಿ ಹೋಲಿಸಿ ನೋಡುತ್ತೇನೆ.

ಮೊದಲು ಯಾರದ್ದು ಅಂತ ಪತ್ತೆ ಮಾಡಿ

ಅಲರ್ಟ್‌ನಲ್ಲಿ ಸಾಮಾನ್ಯವಾಗಿ ಒಂದು ಹೆಸರು, ಒಂದು ಕೊನೆಯ ದಿನ ಇರುತ್ತದೆ. ಆ ಸರ್ಟಿಫಿಕೇಟ್ ಬದಲಾಯಿಸುವುದು ಯಾರ ಕೈಯಲ್ಲಿದೆ ಅಂತ ಅದು ಹೇಳುವುದಿಲ್ಲ. ಪರಿಹಾರ ಪೂರ್ತಿ ನಿಂತಿರುವುದು ಅದರ ಮೇಲೆಯೇ.

ಹೊರಗಿನ ಇಂಟಿಗ್ರೇಷನ್‌ನಲ್ಲಿ ನಾಲ್ಕು ಥರದ ಸರ್ಟಿಫಿಕೇಟ್ ಸಿಗುತ್ತವೆ. ಒಂದು, ಎದುರಿನವರ ಸರ್ವರ್‌ನದ್ದು. ನಾವು ಅದನ್ನು ನಂಬಿದರೆ ಸಾಕು. ಎರಡು, ನಮ್ಮದೇ ಸರ್ವರ್‌ನದ್ದು. ಹೊರಗಿನವರು ನಮಗೆ ವೆಬ್‌ಹುಕ್ (ಏನಾದರೂ ಆದಾಗ ತಾನಾಗಿ ಬರುವ ಸಂದೇಶ) ಕಳಿಸುವಾಗ ನಾವು ತೋರಿಸುವುದು ಇದನ್ನು. ಮೂರು, ಕ್ಲೈಂಟ್ ಸರ್ಟಿಫಿಕೇಟ್. ಎದುರಿನ ಎಪಿಐ (ಸಾಫ್ಟ್‌ವೇರ್‌ಗಳು ಒಂದಕ್ಕೊಂದು ಮಾತಾಡುವ ದಾರಿ) ಬಾಗಿಲಲ್ಲಿ ನಾವು ಕೊಡುವ ಗುರುತಿನ ಚೀಟಿ ಇದ್ದ ಹಾಗೆ. ನಾಲ್ಕು, ಸಹಿಗೆ ಬಳಸುವುದು. ಎಸ್‌ಎಎಂಎಲ್ (ಒಂದೇ ಲಾಗಿನ್‌ನಲ್ಲಿ ಹಲವು ಕಡೆ ಒಳಗೆ ಹೋಗುವ ವ್ಯವಸ್ಥೆ) ಮೂಲಕ ಲಾಗಿನ್ ಆಗುವ ಕಡೆಯೆಲ್ಲ ಇದು ಇರುತ್ತದೆ.

ಯಾವುದು ಅಂತ ತಿಳಿಯಲು ಹತ್ತು ನಿಮಿಷ ಸಾಕು. ಅಲರ್ಟ್ ಹೇಳಿದ ಹೋಸ್ಟ್ ಮತ್ತು ಪೋರ್ಟ್‌ಗೆ ಓಪನ್‌ಎಸ್‌ಎಸ್‌ಎಲ್‌ನ ಎಸ್-ಕ್ಲೈಂಟ್ ಕಮಾಂಡ್ ಹಾಕಿ. ಬಂದ ಸರ್ಟಿಫಿಕೇಟ್‌ನ ಸೀರಿಯಲ್ ನಂಬರ್ ನೋಡಿ. ಅಲರ್ಟ್‌ನಲ್ಲಿರುವ ನಂಬರ್ ಜೊತೆ ಹೊಂದಿದರೆ, ಮುಗಿಯುತ್ತಿರುವುದು ಆ ಸರ್ವರ್ ತೋರಿಸುತ್ತಿರುವುದೇ. ಹೊಂದದಿದ್ದರೆ ಎರಡು ಸಾಧ್ಯತೆ ಜಾಸ್ತಿ. ನಿಮ್ಮ ಟ್ರಸ್ಟ್ ಸ್ಟೋರ್‌ನಲ್ಲಿ (ನೀವು ನಂಬುವ ಸರ್ಟಿಫಿಕೇಟ್‌ಗಳ ಪಟ್ಟಿ) ಎಂದೋ ಹಾಕಿಟ್ಟ ಹಳೇ ಪ್ರತಿಯ ಬಗ್ಗೆ ಅಲರ್ಟ್ ಬಂದಿರಬಹುದು. ಇಲ್ಲವೇ ನಿಮ್ಮ ಚೆಕ್ ಎಸ್‌ಎನ್‌ಐ ಹೆಸರು (ಯಾವ ಸೈಟ್ ಬೇಕು ಅಂತ ಸರ್ವರ್‌ಗೆ ಹೇಳುವುದು) ಕಳಿಸದೆ ಕನೆಕ್ಟ್ ಆಗುತ್ತಿದೆ. ಹೆಸರು ಹೇಳದಿದ್ದರೆ ಸರ್ವರ್ ತನ್ನ ಡೀಫಾಲ್ಟ್ ಸರ್ಟಿಫಿಕೇಟ್ ಕೊಡುತ್ತದೆ. ಅದಕ್ಕೂ ನಿಮ್ಮ ಇಂಟಿಗ್ರೇಷನ್‌ಗೂ ಸಂಬಂಧವೇ ಇರುವುದಿಲ್ಲ. ಎದುರಿನವರಿಗೆ ಮೇಲ್ ಬರೆಯುವ ಮೊದಲು ಇದನ್ನು ಖಚಿತ ಮಾಡಿಕೊಳ್ಳಿ.

ಇನ್ನೊಂದು ಸಣ್ಣ ವಿಷಯ. "ನಾಟ್ ಆಫ್ಟರ್" ಎಂದು ಬರುವ ಕೊನೆಯ ಸಮಯ ಜಿಎಂಟಿಯಲ್ಲಿರುತ್ತದೆ. ಕೊನೆಯ ದಿನದ ರಾತ್ರಿ ಕೆಲಸ ಇಟ್ಟುಕೊಳ್ಳುವವರು ಸ್ಥಳೀಯ ಸಮಯಕ್ಕೆ ಬದಲಾಯಿಸಿ ನೋಡಲೇಬೇಕು.

ಎದುರಿನವರ ಸರ್ಟಿಫಿಕೇಟ್: ಎಲೆಯನ್ನು ನಂಬಬೇಕೋ, ಬೇರನ್ನೋ?

ಎದುರಿನ ಸರ್ವರ್‌ನ ಸರ್ಟಿಫಿಕೇಟನ್ನೇ (ಇದೇ ಎಲೆ) ಇಳಿಸಿಕೊಂಡು ನಮ್ಮ ಟ್ರಸ್ಟ್ ಸ್ಟೋರ್‌ಗೆ ಸೇರಿಸುವುದು ಹಳೇ ಅಭ್ಯಾಸ. ಮೊದಲ ದಿನ ಇಂಟಿಗ್ರೇಷನ್ ಬೇಗ ಓಡುತ್ತದೆ. ಆದರೆ ಅವರು ಸರ್ಟಿಫಿಕೇಟ್ ಬದಲಾಯಿಸಿದ ಪ್ರತಿ ಸಲ ನಾವೂ ಬದಲಾಯಿಸಬೇಕು. ಅವರು ಯಾವಾಗ ಬದಲಾಯಿಸುತ್ತಾರೆ ಅಂತ ನಮಗೆ ಗೊತ್ತಿರುವುದಿಲ್ಲ.

ಇನ್ನೊಂದು ದಾರಿ, ಅದನ್ನು ಕೊಟ್ಟ ಸಿಎಯ (ಸರ್ಟಿಫಿಕೇಟ್ ಕೊಡುವ ಸಂಸ್ಥೆಯ) ರೂಟನ್ನು, ಅಂದರೆ ಬೇರನ್ನು, ನಂಬುವುದು. ಆಗ ಅವರು ಎಷ್ಟು ಸಲ ರಿನ್ಯೂ ಮಾಡಿದರೂ ನಮಗೆ ಕೆಲಸವಿಲ್ಲ. ಎದುರಿನವರು ಸಾರ್ವಜನಿಕ ಸಿಎಯಿಂದ ತೆಗೆದುಕೊಂಡಿದ್ದರೆ ಇದೇ ಸರಿ, ಯೋಚಿಸುವ ಅಗತ್ಯವೇ ಇಲ್ಲ. ಟ್ರಸ್ಟ್ ಸ್ಟೋರ್‌ನಲ್ಲಿ ಕೂತಿರುವ ಎಲೆಯನ್ನು ತೆಗೆಯಿರಿ. ರೂಟ್ ಇದೆಯೇ ನೋಡಿ, ಇಲ್ಲದಿದ್ದರೆ ಸೇರಿಸಿ. ಅಲರ್ಟ್ ತಾನಾಗಿ ಹೋಗುತ್ತದೆ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣ ಇದೆ. ಸಾರ್ವಜನಿಕ ಸರ್ಟಿಫಿಕೇಟ್‌ಗಳ ಆಯಸ್ಸು ಕಡಿಮೆಯಾಗುತ್ತಾ ಬರುತ್ತಿದೆ. 2020ರ ಸೆಪ್ಟೆಂಬರ್‌ನಿಂದ ಗರಿಷ್ಠ 398 ದಿನ ಇತ್ತು. ಸಿಎಗಳೂ ಬ್ರೌಸರ್ ಕಂಪನಿಗಳೂ ಸೇರಿದ ಸಿಎ/ಬ್ರೌಸರ್ ಫೋರಮ್ 2025ರ ಏಪ್ರಿಲ್‌ನಲ್ಲಿ ಒಪ್ಪಿದ ನಿಯಮದಂತೆ 2026ರ ಮಾರ್ಚ್ 15ರಿಂದ ಕೊಡುವ ಸರ್ಟಿಫಿಕೇಟ್‌ಗೆ 200 ದಿನ. 2027ರ ಮಾರ್ಚ್ 15ರಿಂದ 100 ದಿನ. 2029ರ ಮಾರ್ಚ್ 15ರಿಂದ 47 ದಿನ. ವರ್ಷಕ್ಕೊಮ್ಮೆ ಎಲೆ ಬದಲಾಯಿಸುತ್ತಿದ್ದವರು ಮುಂದೆ ಒಂದೊಂದು ಇಂಟಿಗ್ರೇಷನ್‌ಗೂ ವರ್ಷಕ್ಕೆ ಏಳೆಂಟು ಸಲ ಅದೇ ಕೆಲಸ ಮಾಡಬೇಕಾಗುತ್ತದೆ. ಇಪ್ಪತ್ತು ಇಂಟಿಗ್ರೇಷನ್ ಇದ್ದರೆ ಲೆಕ್ಕ ಹಾಕಿ.

ಎಲೆಯನ್ನೇ ನಂಬಬೇಕಾದ ಸಂದರ್ಭಗಳೂ ಇವೆ. ಎದುರಿಗಿರುವುದು ತನಗೆ ತಾನೇ ಸಹಿ ಹಾಕಿಕೊಂಡ ಸರ್ಟಿಫಿಕೇಟ್ ಇರುವ ಒಂದು ಡಬ್ಬಿ ಅಂದುಕೊಳ್ಳಿ, ಸ್ಟೋರೇಜ್ ಸಾಧನವೋ ಇನ್ನೊಂದೋ. ಅಲ್ಲಿ ಬೇರೆ ದಾರಿಯಿಲ್ಲ. ಆಗ ಹೊಸದನ್ನು ಮೊದಲೇ ಕೇಳಿ ಪಡೆಯಿರಿ. ಬೇರೆ ಅಲಿಯಾಸ್ (ಸ್ಟೋರ್‌ನೊಳಗಿನ ಹೆಸರು) ಕೊಟ್ಟು ಹಳೆಯದರ ಪಕ್ಕದಲ್ಲೇ ಹಾಕಿ. ಅವರು ಬದಲಾಯಿಸಿದ ಮೇಲೆ ಹಳೆಯದನ್ನು ತೆಗೆಯಿರಿ. ಎರಡೂ ಒಟ್ಟಿಗೆ ಇದ್ದರೆ, ಅವರು ಹೇಳಿದ ಸಮಯಕ್ಕಿಂತ ಎರಡು ಗಂಟೆ ಮೊದಲು ಬದಲಾಯಿಸಿದರೂ ನಿಮ್ಮ ಇಂಟಿಗ್ರೇಷನ್ ಬೀಳುವುದಿಲ್ಲ.

ಜಾವಾದಲ್ಲಿ ಓಡುವ ಮಾನಿಟರಿಂಗ್ ಆದರೆ ಇನ್ನೆರಡು ಎಚ್ಚರಿಕೆ. ಟ್ರಸ್ಟ್ ಸ್ಟೋರನ್ನು ಹೆಚ್ಚಿನ ಸಾಫ್ಟ್‌ವೇರ್‌ಗಳು ಶುರುವಾಗುವಾಗ ಒಂದೇ ಸಲ ಓದುತ್ತವೆ. ಸೇರಿಸಿದ ಮೇಲೆ ರೀಸ್ಟಾರ್ಟ್ ಆಗದಿದ್ದರೆ ಸೇರಿಸಿದ್ದು ಲೆಕ್ಕಕ್ಕೆ ಬರುವುದಿಲ್ಲ. ಜಾವಾ ಜೊತೆಗೆ ಬಂದ ಸ್ಟೋರ್‌ಗೇ ಸೇರಿಸಿದ್ದರೆ, ಮುಂದಿನ ಜಾವಾ ಅಪ್‌ಗ್ರೇಡ್‌ನಲ್ಲಿ ಅದು ಕಾಣೆಯಾಗುವ ಸಾಧ್ಯತೆ ಇದೆ. ನಿಮ್ಮದೇ ಬೇರೆ ಸ್ಟೋರ್ ಫೈಲ್ ಇಟ್ಟುಕೊಳ್ಳುವುದು ಒಳ್ಳೆಯದು.

ನಮ್ಮ ವೆಬ್‌ಹುಕ್ ಸರ್ವರ್: ಕೈಯಿಂದಲೋ, ಆಟೊಮ್ಯಾಟಿಕ್ ಆಗಿಯೋ?

ಇಲ್ಲಿ ಮೂರು ಆಯ್ಕೆ. ಕೈಯಿಂದ ರಿನ್ಯೂ ಮಾಡುವುದು, ಏಕ್ಮಿ ಪ್ರೋಟೋಕಾಲ್ (ಸಿಎ ಜೊತೆ ಸಾಫ್ಟ್‌ವೇರ್ ತಾನೇ ಮಾತಾಡಿ ಸರ್ಟಿಫಿಕೇಟ್ ಪಡೆಯುವ ವಿಧಾನ) ಮೂಲಕ ಆಟೊಮ್ಯಾಟಿಕ್ ಮಾಡುವುದು, ಇಲ್ಲವೇ ಮುಂದೆ ಒಂದು ರಿವರ್ಸ್ ಪ್ರಾಕ್ಸಿ (ಕನೆಕ್ಷನ್ ಸ್ವೀಕರಿಸಿ ಹಿಂದಿನ ಸರ್ವರ್‌ಗೆ ದಾಟಿಸುವುದು) ನಿಲ್ಲಿಸಿ ಸರ್ಟಿಫಿಕೇಟ್ ಕೆಲಸವನ್ನೆಲ್ಲ ಅದಕ್ಕೆ ಒಪ್ಪಿಸುವುದು.

ಕೈಯಿಂದ ಮಾಡುವುದು ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಒಂದೋ ಎರಡೋ ಸರ್ವರ್ ಇದ್ದು, ಚೇಂಜ್ ಅನುಮತಿ ಬಿಗಿಯಾಗಿದ್ದರೆ ಸದ್ಯಕ್ಕೆ ನಡೆಯುತ್ತದೆ. ಆದರೆ ಮೇಲೆ ಹೇಳಿದ 200, 100, 47ರ ಲೆಕ್ಕ ಇಲ್ಲಿಗೂ ಅನ್ವಯ. 100 ದಿನದ ಹೊತ್ತಿಗೆ ಕೈಕೆಲಸ ಸಾಕಾಗಿಹೋಗುತ್ತದೆ.

ಏಕ್ಮಿ 2019ರಲ್ಲಿ ಆರ್‌ಎಫ್‌ಸಿ 8555 ಆಗಿ ಸ್ಟ್ಯಾಂಡರ್ಡ್ ಆಯಿತು. ಉಚಿತವಾಗಿ ಕೊಡುವ ಸಿಎ ಲೆಟ್ಸ್ ಎನ್‌ಕ್ರಿಪ್ಟ್ ಒಂದೇ ಅಲ್ಲ, ಹಣ ತೆಗೆದುಕೊಳ್ಳುವ ಹಲವು ಸಿಎಗಳೂ ಇದನ್ನು ಕೊಡುತ್ತವೆ. ಡೊಮೈನ್ ನಿಮ್ಮದೇ ಎಂದು ತೋರಿಸಲು ಮುಖ್ಯವಾಗಿ ಎರಡು ದಾರಿ. ಎಚ್‌ಟಿಟಿಪಿ-01 ಬೇಕಾದರೆ 80ನೇ ಪೋರ್ಟ್ ಹೊರಗಿನಿಂದ ತೆರೆದಿರಬೇಕು. ಮಾನಿಟರಿಂಗ್ ಸರ್ವರ್‌ಗೆ ಅದನ್ನು ಸೆಕ್ಯುರಿಟಿ ಟೀಮ್ ಒಪ್ಪುವುದು ಕಷ್ಟ, ಒಪ್ಪಬಾರದು ಕೂಡ. ಡಿಎನ್‌ಎಸ್-01ಗೆ ಯಾವ ಪೋರ್ಟೂ ಬೇಡ, ಡಿಎನ್‌ಎಸ್‌ನಲ್ಲಿ (ಡೊಮೈನ್ ಹೆಸರುಗಳ ವಿಳಾಸ ಪಟ್ಟಿ) ಒಂದು ಟಿಎಕ್ಸ್‌ಟಿ ರೆಕಾರ್ಡ್ ಬರೆದರೆ ಆಯಿತು. ಪೂರ್ತಿ ಡಿಎನ್‌ಎಸ್‌ಗೆ ಬರೆಯುವ ಅಧಿಕಾರವನ್ನು ಮಾನಿಟರಿಂಗ್ ಸರ್ವರ್‌ಗೆ ಕೊಡಬೇಡಿ. ಚಾಲೆಂಜ್‌ನ (ಡೊಮೈನ್ ನಿಮ್ಮದೇ ಅನ್ನುವ ಈ ಪರೀಕ್ಷೆಯ) ಆ ಒಂದು ಹೆಸರನ್ನು ಸಿನೇಮ್ ಮೂಲಕ ಬೇರೊಂದು ಸಣ್ಣ ಝೋನ್‌ಗೆ ತಿರುಗಿಸಿ, ಅಧಿಕಾರ ಅಲ್ಲಿಗಷ್ಟೇ ಸೀಮಿತ ಮಾಡಿ. ನನ್ನ ಮಟ್ಟಿಗೆ ಒಳಗಿನ ಸರ್ವರ್‌ಗಳಿಗೆ ಇದೇ ಒಳ್ಳೆಯ ಆಯ್ಕೆ.

ಆಟೊಮ್ಯಾಟಿಕ್ ಅಂದ ತಕ್ಷಣ ನಿಶ್ಚಿಂತೆ ಅಲ್ಲ. ನಾನು ಕೆಲಸ ಮಾಡುತ್ತಿದ್ದ ಒಂದು ಕಡೆ ನಡೆದದ್ದು ಹೇಳುತ್ತೇನೆ. ವೆಬ್‌ಹುಕ್ ಸರ್ವರ್‌ಗೆ 90 ದಿನದ ಸರ್ಟಿಫಿಕೇಟ್, 60ನೇ ದಿನಕ್ಕೆ ತಾನಾಗಿ ರಿನ್ಯೂ. ಡಿಸ್ಕ್‌ನಲ್ಲಿರುವ ಫೈಲನ್ನು ಓದಿ ದಿನ ಎಣಿಸುವ ಚೆಕ್ ಕೂಡ ಇತ್ತು. ಒಂದು ವರ್ಷ ಚೆನ್ನಾಗಿ ನಡೆಯಿತು. ಒಂದು ಬೆಳಿಗ್ಗೆ ನೋಡಿದರೆ ಹಿಂದಿನ ರಾತ್ರಿಯಿಂದ ಒಂದೂ ವೆಬ್‌ಹುಕ್ ಬಂದಿಲ್ಲ. ಚೆಕ್ ಹಸಿರಾಗಿಯೇ ಇದೆ, ಇನ್ನೂ 60 ದಿನ ಇದೆ ಅನ್ನುತ್ತಿದೆ. ಫೈಲ್‌ನ ಸೀರಿಯಲ್ ನಂಬರ್ ಒಂದು ಕಡೆ, ಎಸ್-ಕ್ಲೈಂಟ್ ತೋರಿಸಿದ ನಂಬರ್ ಇನ್ನೊಂದು ಕಡೆ ಇಟ್ಟೆವು. ಎರಡೂ ಬೇರೆ. ಫೈಲ್ ಹೊಸದಾಗಿತ್ತು, ಪ್ರೋಸೆಸ್ ಮಾತ್ರ ಮೆಮೊರಿಯಲ್ಲಿದ್ದ ಹಳೆಯದನ್ನೇ ತೋರಿಸುತ್ತಿತ್ತು. ರಿನ್ಯೂ ಆದ ಮೇಲೆ ರೀಲೋಡ್ ಮಾಡುವ ಹುಕ್ (ತಾನಾಗಿ ಓಡುವ ಕಮಾಂಡ್) ಹಾಕಿರಲೇ ಇಲ್ಲ. ಅಲ್ಲಿಯವರೆಗೆ ನಡೆದದ್ದು ಹೇಗೆ? ಪ್ರತಿ ತಿಂಗಳು ಪ್ಯಾಚಿಂಗ್‌ಗೆ ಸರ್ವರ್ ರೀಬೂಟ್ ಆಗುತ್ತಿತ್ತು, ಆಗ ಹೊಸ ಫೈಲ್ ಓದಿಕೊಳ್ಳುತ್ತಿತ್ತು. ಆ ಸಲ ಪ್ಯಾಚಿಂಗ್ ಮುಂದಕ್ಕೆ ಹೋಗಿತ್ತು.

ಅಂದಿನಿಂದ ಡಿಸ್ಕ್‌ನಲ್ಲಿರುವ ಫೈಲ್ ನೋಡಿ ನಾನು ಯಾವ ಟಿಕೆಟನ್ನೂ ಮುಚ್ಚಿಲ್ಲ. ಹ್ಯಾಂಡ್‌ಶೇಕ್‌ನಲ್ಲಿ (ಕನೆಕ್ಷನ್ ಶುರುವಾಗುವಾಗ ಗುರುತು ತೋರಿಸುವ ಹಂತ) ಹೊಸ ಸೀರಿಯಲ್ ನಂಬರ್ ಕಂಡ ಮೇಲೆಯೇ ಮುಚ್ಚುವುದು. ಲೋಡ್ ಬ್ಯಾಲೆನ್ಸರ್ ಹಿಂದೆ ಮೂರು ನೋಡ್ ಇದ್ದರೆ ಮೂರಕ್ಕೂ ಬೇರೆ ಬೇರೆ ಐಪಿ ಹಾಕಿ ನೋಡಬೇಕು. ಎರಡರಲ್ಲಿ ಹೊಸದು, ಒಂದರಲ್ಲಿ ಹಳೆಯದು ಉಳಿದರೆ ತಪ್ಪು ಬಿಟ್ಟು ಬಿಟ್ಟು ಬರುತ್ತದೆ, ಹಿಡಿಯುವುದು ಇನ್ನೂ ಕಷ್ಟ.

ಮೂರನೇ ಆಯ್ಕೆಯಾದ ರಿವರ್ಸ್ ಪ್ರಾಕ್ಸಿ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಿಮ್ಮ ಮಾನಿಟರಿಂಗ್ ಸಾಫ್ಟ್‌ವೇರ್‌ನಲ್ಲಿ ಸರ್ಟಿಫಿಕೇಟ್ ಬದಲಾಯಿಸಲು ರೀಸ್ಟಾರ್ಟ್ ಬೇಕೇ ಬೇಕು ಅನ್ನುವುದಾದರೆ ಇದನ್ನು ಆರಿಸಿ. ಎನ್‌ಜಿನ್‌ಎಕ್ಸ್, ಎಚ್‌ಎಪ್ರಾಕ್ಸಿ ಎರಡೂ ಕನೆಕ್ಷನ್ ಕಡಿಯದೆ ರೀಲೋಡ್ ಆಗುತ್ತವೆ. ಹಿಂದೆ ಮಾನಿಟರಿಂಗ್ ಓಡುತ್ತಲೇ ಇರುತ್ತದೆ.

ಕ್ಲೈಂಟ್ ಸರ್ಟಿಫಿಕೇಟ್: ಉಳಿಸಬೇಕೋ, ಟೋಕನ್‌ಗೆ ಹೋಗಬೇಕೋ?

ನಾಲ್ಕರಲ್ಲಿ ಹೆಚ್ಚು ತಲೆನೋವು ಕೊಡುವುದು ಇದೇ. ನಾವು ಹೊಸದು ಮಾಡಿಕೊಂಡರೆ ಸಾಲದು, ಎದುರಿನವರು ಅದನ್ನು ತಮ್ಮಲ್ಲಿ ನೋಂದಾಯಿಸಬೇಕು. ಅವರ ಚೇಂಜ್ ಕ್ಯಾಲೆಂಡರ್, ಅವರ ಅನುಮತಿ, ಅವರ ರಜೆ ಎಲ್ಲ ನಮ್ಮ 21 ದಿನದೊಳಗೆ ಬರಬೇಕು. ಹಾಗಾಗಿ ಈ ಜಾತಿಗೆ ವಾರ್ನಿಂಗ್ 60 ದಿನಕ್ಕೇ ಇಡಿ. ಅವರಿಗೆ ಕೇಳಬೇಕಾದ ಮೊದಲ ಪ್ರಶ್ನೆ, "ಒಂದೇ ಸಮಯದಲ್ಲಿ ಎರಡು ಸರ್ಟಿಫಿಕೇಟ್ ಒಪ್ಪುತ್ತೀರಾ?" ಹೌದು ಅಂದರೆ ಕೆಲಸ ಸುಲಭ. ಮೊದಲು ಅವರು ಹೊಸದನ್ನು ಸೇರಿಸಲಿ, ಆಮೇಲೆ ನಾವು ಬದಲಾಯಿಸುತ್ತೇವೆ, ಕೊನೆಗೆ ಅವರು ಹಳೆಯದನ್ನು ತೆಗೆಯುತ್ತಾರೆ. ಇಲ್ಲ ಅಂದರೆ ಇಬ್ಬರೂ ಒಂದೇ ಕಾಲ್‌ನಲ್ಲಿ ಕೂತು ಮಾಡಬೇಕು.

ಎಲ್ಲಿಂದ ಪಡೆಯಬೇಕು ಅನ್ನುವುದು ಇನ್ನೊಂದು ಆಯ್ಕೆ. ಸಾರ್ವಜನಿಕ ಸಿಎಯಿಂದ ಪಡೆದ ವೆಬ್ ಸರ್ಟಿಫಿಕೇಟನ್ನೇ ಕ್ಲೈಂಟ್ ಗುರುತಿಗೂ ಬಳಸುತ್ತಿದ್ದವರು ಬಹಳ ಜನ. ಆ ದಾರಿ ಈಗ ಮುಚ್ಚುತ್ತಿದೆ. 'ಕ್ಲೈಂಟ್ ಆಗಿಯೂ ಬಳಸಬಹುದು' ಅನ್ನುವ ನಮೂದನ್ನು ತನ್ನ ಸರ್ಟಿಫಿಕೇಟ್‌ಗಳಿಂದ 2026ರಲ್ಲಿ ತೆಗೆಯುವುದಾಗಿ ಲೆಟ್ಸ್ ಎನ್‌ಕ್ರಿಪ್ಟ್ 2025ರಲ್ಲೇ ಹೇಳಿತ್ತು. ಕ್ರೋಮ್‌ನ ನಿಯಮಗಳ ಕಾರಣಕ್ಕೆ ಉಳಿದ ಸಿಎಗಳೂ ಅದೇ ಕಡೆ ಹೋಗುತ್ತಿವೆ. ಇದರ ಪೆಟ್ಟು ರಿನ್ಯೂ ಮಾಡಿದ ದಿನ ಗೊತ್ತಾಗುತ್ತದೆ. ದಿನಾಂಕ ಹೊಸದು, ಅಲರ್ಟ್ ಹೋಗಿದೆ, ಆದರೆ ಎದುರಿನ ಎಪಿಐ ಒಳಗೆ ಬಿಡುವುದಿಲ್ಲ. ಹಾಗಾಗಿ ಕ್ಲೈಂಟ್ ಸರ್ಟಿಫಿಕೇಟ್‌ಗೆ ಖಾಸಗಿ ಸಿಎ ಬಳಸಿ. ಅದಕ್ಕೆ 47 ದಿನದ ಮಿತಿಯೂ ಇಲ್ಲ. ಹಾಗಂತ ಹತ್ತು ವರ್ಷದ್ದು ಮಾಡಿಟ್ಟುಕೊಳ್ಳಬೇಡಿ. ಹತ್ತು ವರ್ಷದ ನಂತರ ಅದನ್ನು ಬದಲಾಯಿಸುವುದು ಹೇಗೆ ಅಂತ ಗೊತ್ತಿರುವವರು ಯಾರೂ ಅಲ್ಲಿ ಇರುವುದಿಲ್ಲ. ಒಂದು ವರ್ಷ ಹದವಾದ ಅಳತೆ.

ಇನ್ನು ಟೋಕನ್. ಈ ಸರ್ಟಿಫಿಕೇಟ್ ಕಾಟವೇ ಬೇಡ, ಒಆತ್‌ಗೆ (ಒಂದು ಸೀಕ್ರೆಟ್ ಕೊಟ್ಟು ಟೋಕನ್ ಪಡೆಯುವ ವಿಧಾನ) ಹೋಗೋಣ ಅನ್ನುವ ಮಾತು ಪ್ರತಿ ಮೀಟಿಂಗ್‌ನಲ್ಲೂ ಬರುತ್ತದೆ. ಕ್ಲೈಂಟ್ ಸೀಕ್ರೆಟ್‌ಗೂ ಕೊನೆಯ ದಿನ ಇದೆ ಅನ್ನುವುದನ್ನು ಆಗ ಯಾರೂ ನೆನಪಿಸಿಕೊಳ್ಳುವುದಿಲ್ಲ. ಮೈಕ್ರೋಸಾಫ್ಟ್‌ನ ಲಾಗಿನ್ ನಿರ್ವಹಣೆ ಸೇವೆಯಾದ ಎಂಟ್ರಾ ಪೋರ್ಟಲ್‌ನಲ್ಲಿ ಗರಿಷ್ಠ 24 ತಿಂಗಳು. ಸರ್ವರ್ ಸರ್ಟಿಫಿಕೇಟ್ ಮುಗಿಯುವುದನ್ನು ಯಾವ ಹೊರಗಿನ ಚೆಕ್ ಬೇಕಾದರೂ ಹ್ಯಾಂಡ್‌ಶೇಕ್‌ನಲ್ಲಿ ನೋಡುತ್ತದೆ. ಕ್ಲೈಂಟ್ ಸರ್ಟಿಫಿಕೇಟ್‌ನ ಫೈಲಿನಲ್ಲೂ ದಿನಾಂಕ ಬರೆದೇ ಇರುತ್ತದೆ. ಸೀಕ್ರೆಟ್‌ನಲ್ಲಿ ಏನೂ ಬರೆದಿರುವುದಿಲ್ಲ. ಅದನ್ನು ಎಪಿಐ ಮೂಲಕ ಕೇಳಿಯೇ ತಿಳಿಯಬೇಕು. ಕ್ಲೌಡ್ ಪ್ಲಾಟ್‌ಫಾರ್ಮ್ ತಾನೇ ಗುರುತು ಕೊಟ್ಟು ತಾನೇ ಬದಲಾಯಿಸುವ ವ್ಯವಸ್ಥೆ ಇದ್ದರೆ, ಅಝೂರ್‌ನ ಮ್ಯಾನೇಜ್ಡ್ ಐಡೆಂಟಿಟಿ ಥರದ್ದು, ಅದಕ್ಕೆ ಖಂಡಿತ ಹೋಗಿ. ಅದಿಲ್ಲದೆ ಸುಮ್ನೆ ಸರ್ಟಿಫಿಕೇಟ್ ಬಿಟ್ಟು ಸೀಕ್ರೆಟ್ ಹಿಡಿಯುವುದು ನನಗೆ ಸರಿ ಕಾಣುವುದಿಲ್ಲ.

ಸಹಿಯದ್ದು, ರೂಟ್‌ನದ್ದು

ಎಸ್‌ಎಎಂಎಲ್ ಸಹಿ ಸರ್ಟಿಫಿಕೇಟ್ ಹ್ಯಾಂಡ್‌ಶೇಕ್‌ನಲ್ಲಿ ಕಾಣುವುದೇ ಇಲ್ಲ. ಎಂಟ್ರಾದಲ್ಲಿ ಅದರ ಆಯಸ್ಸು ಮಾಮೂಲಿಯಾಗಿ ಮೂರು ವರ್ಷ. ಮುಗಿಯುವ 60, 30, 7 ದಿನ ಮೊದಲು ಮೇಲ್ ಬರುತ್ತದೆ. ಆ ಮೇಲ್ ಯಾವ ವಿಳಾಸಕ್ಕೆ ಹೋಗುತ್ತಿದೆ ಅಂತ ಇವತ್ತೇ ನೋಡಿ. ಮೂರು ವರ್ಷದ ಹಿಂದೆ ಸೆಟಪ್ ಮಾಡಿದವರು ಕೆಲಸ ಬಿಟ್ಟಿರಬಹುದು. ನಿಮ್ಮ ಮಾನಿಟರಿಂಗ್ ಸಾಫ್ಟ್‌ವೇರ್ ಹೊಸ ಸರ್ಟಿಫಿಕೇಟನ್ನು ಮೆಟಾಡೇಟಾ ಯುಆರ್‌ಎಲ್‌ನಿಂದ ತಾನೇ ಓದಿಕೊಳ್ಳುವುದಾದರೆ ಫೈಲ್ ಅಪ್‌ಲೋಡ್‌ಗಿಂತ ಅದು ಮೇಲು. ಎರಡರಲ್ಲಿ ಯಾವುದಾದರೂ ಇರಲಿ, ಎಸ್‌ಎಸ್‌ಒ (ಈ ಒಂದೇ ಲಾಗಿನ್ ವ್ಯವಸ್ಥೆ) ಇಲ್ಲದೆ ಒಳಗೆ ಹೋಗಬಲ್ಲ ಒಂದು ಲೋಕಲ್ ಅಡ್ಮಿನ್ ಅಕೌಂಟ್ ಭದ್ರವಾಗಿಡಿ.

ಕೆಲವೊಮ್ಮೆ ಮುಗಿಯುವುದು ರೂಟ್. 2020ರ ಮೇ 30ಕ್ಕೆ ಆಡ್‌ಟ್ರಸ್ಟ್ ರೂಟ್, 2021ರ ಸೆಪ್ಟೆಂಬರ್ 30ಕ್ಕೆ ಡಿಎಸ್‌ಟಿ ರೂಟ್ ಸಿಎ ಎಕ್ಸ್3 ಮುಗಿದವು. ಓಪನ್‌ಎಸ್‌ಎಸ್‌ಎಲ್ 1.0.2 ಥರದ ಹಳೇ ಲೈಬ್ರರಿ ಇದ್ದ ಕಡೆ ಎದುರಿನ ಸರ್ಟಿಫಿಕೇಟ್ ಚೆನ್ನಾಗಿದ್ದರೂ ಕನೆಕ್ಷನ್ ಬಿತ್ತು. ಇಲ್ಲಿ ಸರ್ಟಿಫಿಕೇಟ್ ಬದಲಾಯಿಸಿ ಉಪಯೋಗವಿಲ್ಲ, ಓಎಸ್‌ನ ಪ್ಯಾಕೇಜ್ ಅಪ್‌ಡೇಟ್ ಮಾಡಬೇಕು.

ಅಲರ್ಟನ್ನೇ ಮುಚ್ಚಿಬಿಟ್ಟರೆ?

ಸೈಲೆನ್ಸ್ ಮಾಡುವುದು ತಪ್ಪಲ್ಲ, ಒಂದು ಶರತ್ತಿದೆ. ಅದರ ಅವಧಿ ಸರ್ಟಿಫಿಕೇಟ್ ಮುಗಿಯುವುದಕ್ಕಿಂತ ಒಂದು ವಾರ ಮೊದಲೇ ಮುಗಿಯಬೇಕು. ಸರ್ಟಿಫಿಕೇಟ್ ವೆರಿಫಿಕೇಶನ್ ಆಫ್ ಮಾಡುವ ಟಿಕ್ ಬಾಕ್ಸ್ ಮಾತ್ರ ಮುಟ್ಟಬೇಡಿ, ಒಂದು ರಾತ್ರಿಗೂ ಬೇಡ. ಆ ದಾರಿಯಲ್ಲೇ ನಿಮ್ಮ ಇಂಟಿಗ್ರೇಷನ್‌ನ ಪಾಸ್‌ವರ್ಡ್ ಹೋಗುತ್ತದೆ. ತಾತ್ಕಾಲಿಕ ಅಂತ ತೆಗೆದ ಟಿಕ್ ಮತ್ತೆ ಹಾಕಿದ್ದನ್ನು ನಾನು ಕಂಡದ್ದು ಬಹಳ ಕಡಿಮೆ.

ಸುಳ್ಳು ಅಲರ್ಟ್ ಜಾಸ್ತಿ ಅನ್ನುವುದು ನಿಮ್ಮ ದೂರಾದರೆ ದಿನಗಳ ಮಿತಿ ಸರಿ ಮಾಡಿ. ರಿನ್ಯೂ ಆಗುವುದು 30 ದಿನ ಉಳಿದಾಗ, ವಾರ್ನಿಂಗೂ 30 ದಿನಕ್ಕೇ ಇದ್ದರೆ ಪ್ರತಿ ಸಲ ಬೇಡದ ಅಲರ್ಟ್ ಬರುತ್ತದೆ. ಅಲ್ಲಿ 20ಕ್ಕೆ ವಾರ್ನಿಂಗ್, 7ಕ್ಕೆ ಕ್ರಿಟಿಕಲ್ ಇಡಿ. ಆಗ ಬರುವ ಪ್ರತಿ ಅಲರ್ಟ್‌ಗೂ "ರಿನ್ಯೂ ಆಗಬೇಕಿತ್ತು, ಆಗಿಲ್ಲ" ಎಂಬ ಒಂದೇ ಅರ್ಥ. ಸಾಧನ ಯಾವುದಾದರೂ ನಡೆಯುತ್ತದೆ. ನಾಗಿಯೋಸ್‌ನ ಎಚ್‌ಟಿಟಿಪಿ ಚೆಕ್‌ನಲ್ಲಿ ಈ ಎರಡು ಸಂಖ್ಯೆ ಒಟ್ಟಿಗೆ ಕೊಡಬಹುದು. ಝಬಿಕ್ಸ್‌ನ ಏಜೆಂಟ್ 2ರಲ್ಲಿ ಸರ್ಟಿಫಿಕೇಟ್ ಓದುವ ಐಟಂ ಇದೆ. ಪ್ರೊಮಿತಿಯಸ್‌ನ ಬ್ಲ್ಯಾಕ್‌ಬಾಕ್ಸ್ ಎಕ್ಸ್‌ಪೋರ್ಟರ್ ಸರ್ವರ್ ಕಳಿಸಿದ ಚೈನ್‌ನಲ್ಲಿ ಎಲ್ಲಕ್ಕಿಂತ ಮೊದಲು ಮುಗಿಯುವುದರ ದಿನಾಂಕ ಕೊಡುತ್ತದೆ. ಹಾಗಾಗಿ ಎಲೆಗೆ ಇನ್ನೂ 80 ದಿನ ಇದ್ದರೂ ಅಲರ್ಟ್ ಬಂದರೆ ಚೈನ್‌ನಲ್ಲಿರುವ ಇಂಟರ್ಮೀಡಿಯೇಟ್ (ಎಲೆಗೂ ರೂಟ್‌ಗೂ ನಡುವಿನ ಸರ್ಟಿಫಿಕೇಟ್) ನೋಡಿ.

ಒಟ್ಟಿಗೆ ಐದಾರು ಅಲರ್ಟ್ ಬಂದು ಕೂತಿದ್ದರೆ ದಿನ ಕಡಿಮೆ ಉಳಿದದ್ದನ್ನು ಮೊದಲು ಹಿಡಿಯುವುದು ವಾಡಿಕೆ. ನಾನು ಬೇರೆ ಕ್ರಮ ಹಿಡಿಯುತ್ತೇನೆ. ಕ್ಲೈಂಟ್ ಸರ್ಟಿಫಿಕೇಟ್ ಇದ್ದರೆ, ಅದಕ್ಕೆ ಇನ್ನೂ 40 ದಿನ ಇದ್ದರೂ, ಮೊದಲ ಮೇಲ್ ಅದರದ್ದೇ. ಯಾಕಂದರೆ ಎದುರಿನವರು ಉತ್ತರ ಕೊಡುವುದು ನಮ್ಮ ಕೈಯಲ್ಲಿಲ್ಲ. ಆಮೇಲೆ ಎಸ್‌ಎಎಂಎಲ್, ಅದಕ್ಕೂ ಇನ್ನೊಂದು ಟೀಮ್ ಬೇಕು. ನಮ್ಮ ವೆಬ್‌ಹುಕ್ ಸರ್ವರ್‌ನದ್ದು ಮೂರನೆಯದು, ಅದು ಅರ್ಧ ದಿನದ ಕೆಲಸ. ಟ್ರಸ್ಟ್ ಸ್ಟೋರ್‌ನ ಹಳೇ ಎಲೆಗಳನ್ನು ತೆಗೆಯುವುದು ಕೊನೆಗೆ, ಮುಂದಿನ ರೀಸ್ಟಾರ್ಟ್ ಯಾವ ದಿನ ಅಂತ ನೋಡಿಕೊಂಡು.